ಬಳಕೆದಾರರ ಕೈಪಿಡಿ: ಹೊರಗಿನ ಫ್ಲಾಪಿ ಡ್ರೈವ್, ಒಳಗಿನ ಕನ್ನಡ

ಯುಎಸ್‌ಬಿ ಫ್ಲಾಪಿ ಡ್ರೈವ್ ಕೊಂಡಿದ್ದಕ್ಕೆ ಅಭಿನಂದನೆಗಳು. ಇದನ್ನು ಯಾರೂ ಶೋಕಿಗೆ ಕೊಳ್ಳುವುದಿಲ್ಲ. ಬೀರುವಿನ ಮೇಲ್ತಟ್ಟಿನಲ್ಲಿ, ನುಸಿಗುಳಿಗೆಯ ಪಕ್ಕದಲ್ಲಿ, ಒಂದು ಪ್ಲಾಸ್ಟಿಕ್ ಡಬ್ಬಿ ಸಿಕ್ಕಿದೆ. ಅದರಲ್ಲಿ ಅಪ್ಪನ ಕವನ ಸಂಕಲನವೋ, ಅತ್ತೆಯ ಪಿಎಚ್‌.ಡಿ. ಪ್ರಬಂಧವೋ, ಊರ ಯುವಕ ಸಂಘದ ಸ್ಮರಣ ಸಂಚಿಕೆಯೋ ಇದೆ ಎಂದು ಮನೆಯವರು ಹೇಳಿದ್ದಾರೆ. ಕಂಪ್ಯೂಟರ್ ಓದಿದವರು ನೀವಾದ್ದರಿಂದ ಕೆಲಸ ನಿಮ್ಮ ತಲೆಗೇ ಬಂದಿದೆ. ಡ್ರೈವಿನ ಜೊತೆ ಬಂದ, ನಾಲ್ಕು ಮಡಿಕೆಯ, ಇರುವೆ ಸಾಲಿನಂಥ ಅಕ್ಷರದ ಚೀಟಿ 'ಕೇಬಲ್ ಚುಚ್ಚಿ, ಡಿಸ್ಕ್ ಹಾಕಿ' ಎನ್ನುತ್ತದೆ. ಸುಳ್ಳೇನಲ್ಲ. ಆದರೆ ಚುಚ್ಚಿ ಹಾಕುವುದು ಇಡೀ ಕೆಲಸದ ಮೂರರಲ್ಲಿ ಒಂದು ಪಾಲು, ಅದೂ ಸುಲಭದ ಪಾಲು.

ಮಕ್ಕಳ ಕೈಗೆ ಸಿಗದಂತೆ ಇಡಿ. ಡಿಸ್ಕಿನಿಂದ ಅವರಿಗೆ ಅಪಾಯವಿಲ್ಲ. ಸೇವ್ ಗುರುತನ್ನು ಯಾರೋ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿದ್ದಾರೆ ಎಂಬ ಹಳಸಿದ ಹಾಸ್ಯವನ್ನು ಅವರು ಮತ್ತೆ ಹೇಳುತ್ತಾರೆ. ಅದು ವಾರಂಟಿಯಲ್ಲಿ ಸೇರಿಲ್ಲ.

ತಡವಾಯಿತೆಂದು ನಾಚಿಕೆಯೂ ಬೇಡ. ಸೋನಿ ಕಂಪನಿ ಜಪಾನಿನಲ್ಲಿ ಫ್ಲಾಪಿ ಮಾರುವುದನ್ನು 2011ರ ಮಾರ್ಚಿಗೆ ನಿಲ್ಲಿಸಿತು, ನಿಜ. ಆದರೆ ಅರ್ಜಿಗಳನ್ನು ಫ್ಲಾಪಿಯಲ್ಲೇ ಸಲ್ಲಿಸಬೇಕೆನ್ನುವ ನಿಯಮಗಳನ್ನು ಅದೇ ಜಪಾನಿನ ಸರ್ಕಾರ ತೆಗೆದುಹಾಕಿ ಮುಗಿಸಿದ್ದು 2024ರಲ್ಲಿ. ಅಮೆರಿಕದ ಅಣ್ವಸ್ತ್ರ ಪಡೆಯ ಸಂದೇಶ ವ್ಯವಸ್ಥೆ 2019ರವರೆಗೂ ಎಂಟು ಇಂಚಿನ ಫ್ಲಾಪಿಯ ಮೇಲೆ ನಡೆಯುತ್ತಿತ್ತು. ಅವರ ಮುಂದೆ ನಿಮ್ಮ ಅತ್ತೆಯವರದು ಏನೇನೂ ತಡವಲ್ಲ.

ಯಾವ ಡಿಸ್ಕಿಗೆ ಈ ಸಾಧನ

ಗಟ್ಟಿ ಚಿಪ್ಪಿನ, ಜಾರುವ ತಗಡಿನ ಬಾಗಿಲಿರುವ ಮೂರೂವರೆ ಇಂಚಿನ ಡಿಸ್ಕಿಗೆ ಮಾತ್ರ. ಬಳುಕುವ ಐದೂಕಾಲು ಇಂಚಿನದು ನಿಮ್ಮ ಡಬ್ಬಿಯಲ್ಲಿದ್ದರೆ ಅದನ್ನು ಬದಿಗಿಡಿ. ಅದಕ್ಕೆ ಬೇರೆ ಡ್ರೈವ್, ಬೇರೆ ಕೇಬಲ್, ಬೇರೆ ಜನ ಬೇಕು. ಮಡಚಿ ತೂರಿಸಲು ನೋಡಿದವರು ಇದ್ದರಂತೆ ಎಂಬ ಕಥೆ ಎಲ್ಲ ಕಂಪ್ಯೂಟರ್ ಅಂಗಡಿಯಲ್ಲೂ ಉಂಟು. ಆ ಸಂಪ್ರದಾಯವನ್ನು ನೀವು ಮುಂದುವರಿಸಬೇಕಿಲ್ಲ.

ಚಿಪ್ಪಿನ ಮೂಲೆಗಳನ್ನು ನೋಡಿ. ಒಂದು ಮೂಲೆಯಲ್ಲಿ ತೂತು, ಅದರೊಳಗೆ ಜಾರುವ ಪುಟ್ಟ ಬಿಲ್ಲೆ. ಎದುರು ಮೂಲೆಯಲ್ಲಿ ಬಿಲ್ಲೆಯಿಲ್ಲದ ಇನ್ನೊಂದು ತೂತಿದ್ದರೆ ಅದು 1.44 ಮೆಗಾಬೈಟಿನದು, ಇಲ್ಲದಿದ್ದರೆ 720 ಕಿಲೋಬೈಟಿನದು. ಎರಡನ್ನೂ ಈ ಡ್ರೈವ್ ಸಾಮಾನ್ಯವಾಗಿ ಓದುತ್ತದೆ. ಆ 1.44 ಎಂಬ ಅಂಕಿಯೇ ಒಂದು ತಮಾಷೆ. 2 ಮಗ್ಗುಲು, ಮಗ್ಗುಲಿಗೆ 80 ಸುತ್ತು, ಸುತ್ತಿಗೆ 18 ತುಂಡು, ತುಂಡಿಗೆ 512 ಬೈಟು, ಗುಣಿಸಿದರೆ 14,74,560. ಇದನ್ನು ಮೊದಲು 1024ರಿಂದ, ಆಮೇಲೆ 1000ದಿಂದ ಭಾಗಿಸಿದರೆ ಮಾತ್ರ 1.44 ಬರುತ್ತದೆ. ಎರಡು ಅಳತೆಗೋಲಿನಿಂದ ಅಳೆದ ಈ ಸರಕನ್ನು ಜಗತ್ತು ತಕರಾರಿಲ್ಲದೆ ಕೊಂಡಿತು.

ಬಿಲ್ಲೆಯ ಕಡೆಗೆ ಬರೋಣ. ಡಿಸ್ಕ್ ಹಾಕುವ ಮೊದಲು ಬಿಲ್ಲೆಯನ್ನು ಉಗುರಿನಿಂದ ಜಾರಿಸಿ ತೂತು ಕಾಣುವಂತೆ ಮಾಡಿ. ತೂತಿನಲ್ಲಿ ಬೆಳಕು ಕಂಡರೆ ಡ್ರೈವ್ ಬರೀ ಓದುತ್ತದೆ, ಏನನ್ನೂ ಬರೆಯುವುದಿಲ್ಲ, ಅಳಿಸುವುದೂ ಇಲ್ಲ. ಈ ಕೈಪಿಡಿಯಲ್ಲಿ ನೀವು ಒಂದೇ ಒಂದು ಸಾಲು ಪಾಲಿಸುವುದಾದರೆ ಇದನ್ನು ಪಾಲಿಸಿ.

ಮುಂಜಾಗ್ರತೆ

ತೊಂಬತ್ತರ ದಶಕದ ಕಂಪ್ಯೂಟರ್ ಲ್ಯಾಬಿನಲ್ಲಿ ಚಪ್ಪಲಿ ಹೊರಗೆ ಬಿಡಿಸುತ್ತಿದ್ದರು. ನಾವು ಅದನ್ನು ಭಕ್ತಿ ಎಂದುಕೊಂಡಿದ್ದೆವು. ಇದ್ದದ್ದು ಧೂಳಿನ ಭಯ. ಹಾರ್ಡ್ ಡಿಸ್ಕಿನಲ್ಲಿ ಓದುವ ತಲೆ ತಟ್ಟೆಗೆ ತಾಗದೆ ಮೇಲೆ ತೇಲುತ್ತದೆ. ಫ್ಲಾಪಿಯಲ್ಲಿ ಹಾಗಲ್ಲ, ತಲೆ ತಟ್ಟೆಯನ್ನು ಉಜ್ಜಿಕೊಂಡೇ ಓದುತ್ತದೆ. ಆದ್ದರಿಂದ ತಗಡಿನ ಬಾಗಿಲನ್ನು ಮೆಲ್ಲಗೆ ಸರಿಸಿ, ಒಳಗಿನ ಕಂದು ಹಾಳೆಯನ್ನು ಬೆಳಕಿಗೆ ಹಿಡಿದು, ನಡುವಿನ ಲೋಹದ ಗುಂಡಿಯಿಂದ ತಿರುಗಿಸುತ್ತ ಸುತ್ತಲೂ ನೋಡಿ. ಬಿಳಿ ಚುಕ್ಕೆ, ಮಸುಕು, ಜೇಡರಬಲೆಯಂಥ ಗೆರೆ ಕಂಡರೆ ಬೂಷ್ಟು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಇಪ್ಪತ್ತು ಮಳೆಗಾಲ ಕಂಡ ಡಿಸ್ಕಿಗೆ ಅದು ಬಾರದಿದ್ದರೇ ಆಶ್ಚರ್ಯ. ಬೂಷ್ಟಿನ ಡಿಸ್ಕನ್ನು ಹಾಗೇ ಹಾಕಿದರೆ ಅದರದ್ದು ತಲೆಗೆ ಮೆತ್ತಿ, ಮುಂದಿನ ಒಳ್ಳೆಯ ಡಿಸ್ಕನ್ನೂ ಗೀರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ನೂಲುಬಿಡದ ಬಟ್ಟೆಯಿಂದ ಹಗುರವಾಗಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಸ್ಯಾನಿಟೈಸರ್ ಬೇಡ. ವಿಭೂತಿಯೂ ಬೇಡ.

ಲೇಬಲನ್ನು ನಂಬಬೇಡಿ. 'ಮುಖ್ಯ' ಎಂದು ಬರೆದದ್ದರಲ್ಲಿ ಜಾತಕ ನೋಡುವ ತಂತ್ರಾಂಶದ ಎರಡನೇ ಡಿಸ್ಕ್ ಇರುತ್ತದೆ, ಮೊದಲನೆಯದು ಎಲ್ಲೂ ಇರುವುದಿಲ್ಲ. 'ಫೈನಲ್' ಎಂಬುದಕ್ಕಿಂತ 'ಹೊಸ ಫೈನಲ್' ಹಳೆಯದಿರಬಹುದು. ಏನೂ ಬರೆಯದ ಡಿಸ್ಕೇ ಕವನ ಸಂಕಲನ.

ಕಾರ್ಯಾಚರಣೆ

ಕೇಬಲನ್ನು ಕಂಪ್ಯೂಟರಿಗೇ ನೇರ ಚುಚ್ಚಿ. ಒಂದು ಚುಚ್ಚಿಗೆ ನಾಲ್ಕು ಬಾಯಿ ಮಾಡಿಕೊಡುವ ಅಗ್ಗದ ಹಬ್ಬುಗಳಲ್ಲಿ ಮೋಟಾರು ತಿರುಗಿಸುವಷ್ಟು ಕರೆಂಟು ಸಿಗದೇ ಇರಬಹುದು. ಡಿಸ್ಕ್ ಒತ್ತಿದಾಗ ಟಕ್ ಎನ್ನಬೇಕು, ಆಮೇಲೆ ಕಿರ್ರ್ ಎನ್ನಬೇಕು. 'ಎ' ಹೆಸರಿನ ಡ್ರೈವ್ ಪರದೆಯ ಮೇಲೆ ಮೂಡುತ್ತದೆ. ವಿಂಡೋಸ್ ಕಂಪ್ಯೂಟರುಗಳು ಇಂದಿಗೂ 'ಸಿ'ಯಿಂದ ಎಣಿಕೆ ಶುರುಮಾಡಿ ಮೊದಲೆರಡು ಕುರ್ಚಿಯನ್ನು ಖಾಲಿ ಬಿಟ್ಟಿರುವುದು ಯಾರಿಗಾಗಿ ಎಂದು ನಿಮ್ಮ ಮಗಳು ಕೇಳಿದ್ದರೆ, ಈಗ ತೋರಿಸಿ.

ತಟ್ಟೆ ನಿಮಿಷಕ್ಕೆ 300 ಸುತ್ತು ತಿರುಗುತ್ತದೆ. ಎರಡೂ ಮಗ್ಗುಲಿನ 160 ಸುತ್ತನ್ನು ಒಂದೂ ತಪ್ಪದೆ ಓದಿದರೂ ಅರ್ಧ ನಿಮಿಷ ಬೇಕೇ ಬೇಕು. ನಿಜದಲ್ಲಿ ಇನ್ನೂ ಹೆಚ್ಚು. ಸದ್ದು ಒಂದೇ ಲಯದಲ್ಲಿ ಹೋಗುತ್ತಿದ್ದರೆ ಕಾಫಿ ಕುಡಿಯಿರಿ. ಒಂದೇ ಕಡೆ ಗೊರ್ ಗೊರ್ ಎಂದು ಹಿಂದುಮುಂದಾಡುತ್ತಿದ್ದರೆ ಅದು ಓದಲಾಗದ ತುಂಡನ್ನು ಮತ್ತೆ ಮತ್ತೆ ಪ್ರಯತ್ನಿಸುತ್ತಿದೆ.

ಫೈಲುಗಳನ್ನು ಅಲ್ಲೇ ತೆರೆದು ನೋಡುವ ಆಸೆ ಹುಟ್ಟುತ್ತದೆ. ತಡೆಯಿರಿ. ಸೊರಗಿದ ಡಿಸ್ಕ್ ಎಷ್ಟು ಸಲ ತಿರುಗೀತು ಎಂಬುದು ಗೊತ್ತಿಲ್ಲದಾಗ ಮೊದಲ ಸಲವೇ ಇಡೀ ಡಿಸ್ಕಿನ ಪಡಿಯಚ್ಚನ್ನು, ಇಮೇಜ್ ಎನ್ನುತ್ತಾರಲ್ಲ ಅದನ್ನು, ಒಂದೇ ಫೈಲಾಗಿ ಇಳಿಸಿಕೊಳ್ಳಿ. ವಿಂಡೋಸಿನಲ್ಲಿ ವಿನ್‌ಇಮೇಜ್, ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ ಈ ಕೆಲಸ ಮಾಡುತ್ತವೆ. ಡಿಡಿರೆಸ್ಕ್ಯೂ ಜಾಣ: ಸಲೀಸಾಗಿ ಸಿಕ್ಕಿದ್ದನ್ನು ಮೊದಲು ಎತ್ತಿಕೊಂಡು, ಮೊಂಡು ಹಿಡಿದ ತುಂಡುಗಳ ಪಟ್ಟಿ ಇಟ್ಟುಕೊಂಡು, ಅವುಗಳ ಹತ್ತಿರಕ್ಕೆ ಕೊನೆಯಲ್ಲಿ ಹೋಗುತ್ತದೆ. ಬೇರೊಂದು ಡ್ರೈವಿನಲ್ಲಿ ಅದೇ ಡಿಸ್ಕನ್ನು ಹಾಕಿ ಪಟ್ಟಿಯ ಉಳಿಕೆಯನ್ನು ಮಾತ್ರ ಓದಿಸಲೂಬಹುದು. ಇದು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಬರೆದ ಡ್ರೈವಿನ ತಲೆ ಕೂದಲೆಳೆಯಷ್ಟು ಓರೆಯಿದ್ದರೆ ಡಿಸ್ಕ್ ಒಂದು ಯಂತ್ರದಲ್ಲಿ ಮೂಕ, ಇನ್ನೊಂದರಲ್ಲಿ ವಾಚಾಳಿ.

'ಫಾರ್ಮ್ಯಾಟ್ ಮಾಡಲೇ?' ಎಂದು ಕೇಳಿದರೆ

ಬೇಡ.

ಕಂಪ್ಯೂಟರ್ ಇದನ್ನು ಎಷ್ಟು ವಿನಯದಿಂದ ಕೇಳುತ್ತದೆಂದರೆ, ಒಪ್ಪದಿದ್ದರೆ ಅದರ ಮನಸ್ಸು ನೊಂದೀತೇನೋ ಎನಿಸುತ್ತದೆ. ನೋಯಲಿ. ಅದು ಹೇಳುತ್ತಿರುವುದರ ಅರ್ಥ ಇಷ್ಟೇ: 'ಈ ಡಿಸ್ಕ್ ನನಗೆ ತಿಳಿಯುತ್ತಿಲ್ಲ, ಅಳಿಸಿಬಿಡಲೇ?' ತಿಳಿಯದಿರಲು ಕಾರಣ ಹಲವು. ಮೊದಲ ತುಂಡೇ ಕೆಟ್ಟಿರಬಹುದು. ಅಥವಾ ಡಿಸ್ಕ್ ಮ್ಯಾಕಿಂತಾಶಿನದಾಗಿರಬಹುದು. ಪುಟ ಕಟ್ಟಲು ಮ್ಯಾಕ್ ಬಳಸುತ್ತಿದ್ದ ಮುದ್ರಣಾಲಯಗಳಿಂದ ಬಂದ ಡಿಸ್ಕುಗಳಲ್ಲಿ ಈ ಸಂಶಯ ಮೊದಲು ಬರಲಿ. 1.44ರ ಮ್ಯಾಕ್ ಡಿಸ್ಕಾದರೆ ಪಡಿಯಚ್ಚು ತೆಗೆಯಬಹುದು, ವಿಂಡೋಸಿಗೆ ಮಾತ್ರ ಅದರ ಕಡತ ವ್ಯವಸ್ಥೆ ಅರ್ಥವಾಗುವುದಿಲ್ಲ. ಅದಕ್ಕೂ ಹಳೆಯ 800 ಕಿಲೋಬೈಟಿನ ಮ್ಯಾಕ್ ಡಿಸ್ಕನ್ನು ಈ ಸಾಧನ ಜಪ್ಪಯ್ಯ ಎಂದರೂ ಓದದು. ಅದನ್ನು ಬರೆಯುವಾಗ ತಟ್ಟೆಯ ವೇಗ ಹೊರಸುತ್ತಿನಲ್ಲಿ ಕಡಿಮೆ, ಒಳಸುತ್ತಿನಲ್ಲಿ ಹೆಚ್ಚು ಇರುತ್ತಿತ್ತು. ನಿಮ್ಮ ಡ್ರೈವಿಗೆ ಗೊತ್ತಿರುವುದು ಒಂದೇ ವೇಗ. ಅಂಥದ್ದಕ್ಕೆ ಗ್ರೀಸ್‌ವೀಸಲ್ ಎಂಬ ಪುಟ್ಟ ಸರ್ಕ್ಯೂಟ್ ಹಲಗೆ ಇದೆ. ಅದನ್ನು ಹಳೆಯ ಕಂಪ್ಯೂಟರಿನೊಳಗಿನ ಡ್ರೈವಿಗೆ ಕಟ್ಟಿ ಕಾಂತದ ಏರಿಳಿತವನ್ನೇ ದಾಖಲಿಸಿಕೊಂಡು, ಅರ್ಥವನ್ನು ಆಮೇಲೆ ಬಿಡಿಸುತ್ತಾರೆ.

ವೈರಸ್ಸಿನ ಬಗ್ಗೆ ಎರಡು ಮಾತು. ಲಾಹೋರಿನ ಸೋದರರಿಬ್ಬರು 1986ರಲ್ಲಿ ಬರೆದ 'ಬ್ರೈನ್' ಮುಂತಾದವು ಫ್ಲಾಪಿಯ ಮೊದಲ ತುಂಡಿನಲ್ಲಿ ಕೂತು ಊರೂರು ಸುತ್ತಿದವು. ಡಿಸ್ಕನ್ನು ಒಳಗಿಟ್ಟೇ ಕಂಪ್ಯೂಟರ್ ಚಾಲೂ ಮಾಡಿದರೆ ಅವು ಏಳುತ್ತಿದ್ದವು, ಬರೀ ಓದಿದರೆ ಏಳುವುದಿಲ್ಲ. ಪಡಿಯಚ್ಚಿನಲ್ಲಿ ಅವೂ ಬರುತ್ತವೆ. ಆಂಟಿವೈರಸ್ ಕೂಗಿಕೊಂಡರೆ ಹಳೆಯ ನೆಂಟರು ಬಂದರೆಂದು ತಿಳಿದು ಸುಮ್ಮನಿರಿ, ಫೈಲುಗಳನ್ನು ಮಾತ್ರ ಬೇರ್ಪಡಿಸಿಕೊಳ್ಳಿ.

ಎರಡನೆಯ ಪಾಲು: ಫೈಲು ತೆರೆಯುವುದು

ಹೆಸರುಗಳು ಸಾಮಾನ್ಯವಾಗಿ ಎಂಟಕ್ಷರ ದಾಟುವುದಿಲ್ಲ, ಹಾಗಾಗಿ ಯಾವುದು ಮುನ್ನುಡಿ ಯಾವುದು ಬೆನ್ನುಡಿ ಎಂದು ಊಹಿಸಬೇಕು. ತೀರ ಹಳೆಯ ವರ್ಡ್ ಫೈಲುಗಳನ್ನು ಇಂದಿನ ವರ್ಡ್ ಸುರಕ್ಷತೆಯ ನೆಪ ಹೇಳಿ ತೆರೆಯದಿರಬಹುದು. ಪುಕ್ಕಟೆಯ ಲಿಬ್ರೆಆಫೀಸ್ ಅಷ್ಟು ಬಿಗುಮಾನದ್ದಲ್ಲ. ಸ್ಮರಣ ಸಂಚಿಕೆ, ಲಗ್ನಪತ್ರಿಕೆ, ಕವನ ಸಂಕಲನಗಳೆಲ್ಲ ಬಹುಪಾಲು ಪೇಜ್‌ಮೇಕರಿನಲ್ಲಿ ಕಟ್ಟಿದವು. ಅದನ್ನು ಮಾಡಿದ ಕಂಪನಿ ಅದರ ಕೈಬಿಟ್ಟು ಬಹಳ ಕಾಲವಾಯಿತು, ಆದರೆ 2015ರಿಂದೀಚೆಗೆ ಲಿಬ್ರೆಆಫೀಸ್ ಅವುಗಳನ್ನೂ ಒಂದು ಮಟ್ಟಿಗೆ ತೆರೆಯುತ್ತದೆ. ಚಿತ್ರ ಅತ್ತಿತ್ತ ಹೋಗಿರುತ್ತದೆ. ಪಠ್ಯ ಸಿಕ್ಕರೆ ಸಾಕು.

ಮೂರನೆಯ ಪಾಲು: ಕನ್ನಡ

ಇಂಗ್ಲಿಷಿನಲ್ಲಿ ಟೈಪಾದ ಡಿಸ್ಕಾಗಿದ್ದರೆ ಈ ಕೈಪಿಡಿ ಮೇಲೆಯೇ ಮುಗಿಯುತ್ತಿತ್ತು. ನಿಮ್ಮದು ಕನ್ನಡ. ಫೈಲು ತೆರೆದಿದೆ, ಪರದೆಯ ತುಂಬ ರೋಮನ್ ಅಕ್ಷರಗಳು, ಕೆಲವಕ್ಕೆ ತಲೆಯ ಮೇಲೆ ಟೋಪಿ, ಕೆಲವಕ್ಕೆ ಚುಕ್ಕಿ, ನಡುನಡುವೆ ಬ್ರಿಟನ್ನಿನ ಪೌಂಡ್ ಚಿಹ್ನೆ. ಡಿಸ್ಕ್ ಕೆಟ್ಟಿಲ್ಲ. ಫೈಲೂ ಕೆಟ್ಟಿಲ್ಲ.

ಆ ಕಾಲದ ತಂತ್ರಾಂಶಗಳು ಕನ್ನಡವನ್ನು ಅಕ್ಷರವಾಗಿ ಉಳಿಸುತ್ತಿರಲಿಲ್ಲ, ಆಕಾರದ ಚೂರುಗಳಾಗಿ ಉಳಿಸುತ್ತಿದ್ದವು. ಇಂಗ್ಲಿಷಿಗೆ ಮೀಸಲಾದ ಇನ್ನೂರು ಚಿಲ್ಲರೆ ಮನೆಗಳಲ್ಲಿ ಬೋಳು 'ಕ'ಕಾರ ಒಂದರಲ್ಲಿ, ತಲೆಕಟ್ಟು ಇನ್ನೊಂದರಲ್ಲಿ, ಒತ್ತು ಮತ್ತೊಂದರಲ್ಲಿ. ಅಚ್ಚುಮೊಳೆ ಜೋಡಿಸಿದ ಹಾಗೆ ಅವನ್ನು ಸಾಲಾಗಿ ಇಟ್ಟರೆ ಕಣ್ಣಿಗೆ ಕನ್ನಡ, ಫಾಂಟ್ ಕಿತ್ತರೆ ಕಸ. ಮೇಲಿನ ಪೌಂಡ್ ಚಿಹ್ನೆ ನುಡಿ ಫಾಂಟಿನ ಫೈಲಿನಲ್ಲಿ 'ನ'ಕಾರದ ಬುಡ. ಶ್ರೀಲಿಪಿಯಲ್ಲೋ ಆಕೃತಿಯಲ್ಲೋ ಲೆಕ್ಕವೇ ಬೇರೆ. ಕಂಪನಿಗೊಂದು ಮನೆವಿಂಗಡಣೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ಆದರೆ ವಿಂಡೋಸ್ ಕನ್ನಡ ಕಲಿತದ್ದು 2001ರ ಎಕ್ಸ್‌ಪಿಯಲ್ಲಿ, ನಮ್ಮ ಡಿಟಿಪಿ ಕೇಂದ್ರಗಳು ಅದನ್ನು ನಂಬಿದ್ದು ಇನ್ನೂ ಎಷ್ಟೋ ಆಮೇಲೆ. ಫ್ಲಾಪಿಯ ಕನ್ನಡವೆಲ್ಲ ಹೆಚ್ಚುಕಡಿಮೆ ಈ ನಡುವಿನ ಅವಧಿಯದು.

ಆದ್ದರಿಂದ ನಿಮಗೆ ಬೇಕಾದ ಬೀಗದ ಕೈ ಫಾಂಟಿನ ಹೆಸರು. ವರ್ಡ್ ಫೈಲಾದರೆ ಹೆಸರು ಒಳಗೇ ಇರುತ್ತದೆ. ಒಂದು ಸಾಲನ್ನು ಆರಿಸಿ ಫಾಂಟಿನ ಪೆಟ್ಟಿಗೆ ನೋಡಿ. ಬರೀ ಪಠ್ಯದ ಫೈಲಾದರೆ ಸುಳಿವೂ ಇರುವುದಿಲ್ಲ. ನುಡಿ, ಬರಹಗಳ ಪಠ್ಯವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಸುಲಭವಾಗಿ ಸಿಗುತ್ತವೆ, ಉಳಿದವಕ್ಕೆ ಹುಡುಕಾಟ. ತಿರುಗಿಸಿದ ಮೇಲೆ ಮೊದಲು ಅರ್ಕಾವತ್ತು ನೋಡಿ. ಹಳೆಯ ಫೈಲಿನಲ್ಲಿ ಅದು ಕಣ್ಣಿಗೆ ಕಾಣುವಂತೆ ಅಕ್ಷರದ ಆಚೆ ಕೂತಿರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರದಂತೆ ಈಚೆ ಬರಬೇಕು. ಪರಿವರ್ತಕ ಎಡವಿದರೆ ಸೂರ್ಯ ಮುಳುಗುತ್ತಾನೆ, ಧರ್ಮ ಕೆಡುತ್ತದೆ, ಕರ್ನಾಟಕ ಎರಡು ಹೋಳಾಗುತ್ತದೆ. ಇಂಗ್ಲಿಷ್ ಪದಗಳಿದ್ದ ಜಾಗದಲ್ಲಿ ಅದು ಅವನ್ನೂ ಕನ್ನಡವೆಂದು ತಿಳಿದು ಹೊಸ ಭಾಷೆಯೊಂದನ್ನು ಹುಟ್ಟಿಸಿರುತ್ತದೆ. ಕರಡು ತಿದ್ದುವ ಕೆಲಸ ಮನುಷ್ಯರದೇ.

ಇನ್ನೊಂದು ವಿಷಯ, ಉಪಯೋಗವಿಲ್ಲ, ಆದರೂ ಹೇಳುತ್ತೇನೆ. ಹಳೆಯ ವಿಧಾನದಲ್ಲಿ ಚೂರಿಗೆ ಒಂದು ಬೈಟು. ಇಂದು ರೂಢಿಯ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು. ಫ್ಲಾಪಿಯ ತುಂಬ ಇದ್ದ ಬರಹವನ್ನು ಯೂನಿಕೋಡ್ ಮಾಡಿದರೆ ಅದು ಬಂದ ಫ್ಲಾಪಿಗೇ ವಾಪಸು ಹಿಡಿಸದೆ ಹೋದೀತು.

ಗ್ರಾಹಕ ಸೇವೆ

ಪಡಿಯಚ್ಚು, ಮೂಲ ಫೈಲು, ತಿರುಗಿಸಿದ ಪಠ್ಯ, ಮೂರನ್ನೂ ಎರಡು ಕಡೆ ಇಡಿ. ಪರಿವರ್ತಕಗಳು ಇನ್ನೂ ಸುಧಾರಿಸಬಹುದು, ಆಗ ಮೂಲ ಬೇಕಾಗುತ್ತದೆ. ಡಿಸ್ಕನ್ನೂ ಎಸೆಯಬೇಡಿ.

ಈ ಸಾಧನಕ್ಕೆ ಸಹಾಯವಾಣಿ ಇಲ್ಲ, ಆದರೆ ಅದಕ್ಕಿಂತ ಮೇಲಾದದ್ದು ಇದೆ. ಆ ಪುಸ್ತಕವನ್ನು ಟೈಪ್ ಮಾಡಿದವರು ಯಾರೋ ಒಬ್ಬರಿದ್ದಾರೆ. ಬಸ್ ಸ್ಟ್ಯಾಂಡಿನ ಎದುರು ಡಿಟಿಪಿ ಅಂಗಡಿ ಇಟ್ಟಿದ್ದವರು, ಈಗ ಅದೇ ಜಾಗದಲ್ಲಿ ಜೆರಾಕ್ಸೋ ಮೊಬೈಲ್ ರೀಚಾರ್ಜೋ ಮಾಡುತ್ತಿರುವವರು. ಯಾವ ಫಾಂಟು, ಯಾವ ಕೀಲಿಮಣೆ, ಕೊನೆಯ ತಿದ್ದುಪಡಿ ಯಾವ ಡಿಸ್ಕಿನಲ್ಲಿದೆ ಎಂಬುದು ಅವರ ತಲೆಯಲ್ಲಿ ಮಾತ್ರ ಉಳಿದಿದೆ. ಅವರ ಹಳೆಯ ಕಂಪ್ಯೂಟರಿನಲ್ಲಿ ಆ ಫಾಂಟೂ ಇದ್ದೀತು. ಡ್ರೈವ್ ಚುಚ್ಚುವುದಕ್ಕೂ ಮೊದಲು, ಈ ವಾರವೇ, ಅವರಿಗೆ ಫೋನ್ ಮಾಡಿ.