ಬೇಲಿಯಾಚೆಯ ಭಾವ

ಮಲೆನಾಡಿನ ಯಾವ ಊರಿಗೆ ಹೋದರೂ ಇಂಥ ಭಾವ ಒಬ್ಬರಾದರೂ ಸಿಗುತ್ತಾರೆ. ಅವರ ಅಂಗಳ ನೋಡಿ ಗುರುತು ಹಿಡಿಯಲಾಗದು. ಅದು ಸಗಣಿ ಸಾರಿಸಿ, ಎಲೆಯಿಲ್ಲದೆ ಉಣ್ಣಬಹುದಾದಷ್ಟು ಚೊಕ್ಕ. ಪಕ್ಕದ ಮನೆಯ ಹಿತ್ತಿಲು ನೋಡಬೇಕು. ಆ ಹಿತ್ತಿಲು ನನ್ನದು.

ಭಾವನ ಪ್ರಕಾರ ಬೇಲಿಯೊಳಗಿನದು ಮನೆ, ಆಚೆಯದು ಬ್ರಹ್ಮಾಂಡ; ಅದಕ್ಕೆ ಮಾಲೀಕರಿಲ್ಲ. ಹಾಲಿನ ಕೊಟ್ಟೆ, ಮೊಮ್ಮಗಳ ಡೈಪರ್, ತೋಟಕ್ಕೆ ಹೊಡೆದ ಔಷಧಿಯ ಬಾಟಲಿ, ಎಲ್ಲ ಬ್ರಹ್ಮಾಂಡಕ್ಕೆ ಅರ್ಪಣೆ. ಉಳಿದ ಪ್ಲಾಸ್ಟಿಕ್ ಸಂಜೆ ಬಚ್ಚಲೊಲೆಗೆ. ಆ ಹೊಗೆ ವಿಷ ಎಂದರೆ, “ಸೊಳ್ಳೆ ಓಡ್ತದೆ ಮಾರಾಯಾ” ಎನ್ನುತ್ತಾರೆ. ನಾವೂ ಓಡುತ್ತೇವೆ, ಕೆಮ್ಮುತ್ತಾ. ಸ್ವಸಹಾಯ ಸಂಘದ ಹೆಂಗಸರು ಪಂಚಾಯಿತಿಯ ಕಸದ ಗಾಡಿ ತಂದು ಹಾರನ್ ಹೊಡೆದರೆ, “ಕಸವನ್ನೂ ಕೊಟ್ಟು ದುಡ್ಡನ್ನೂ ಕೊಡೋದಾ? ಗುಜರಿಯವನಾದ್ರೆ ನಮಗೇ ಕೊಡ್ತಾನೆ!” ಎಂದು ವಾಪಸು ಕಳಿಸುತ್ತಾರೆ.

ಇದನ್ನೆಲ್ಲ ಸಹಿಸಿದ್ದೆ. ಕರಟದ ಪ್ರಕರಣ ಮಾತ್ರ ಮರೆಯಲಾರೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಸುವ ಹಳ್ಳಿಮನೆಗೆ 200 ರೂಪಾಯಿ ದಂಡವೆಂದಿತು. ಅದಾದ ಮೇಲೊಮ್ಮೆ ಆಶಾ ಕಾರ್ಯಕರ್ತೆ ಟಾರ್ಚ್ ಹಿಡಿದು ಬಂದರು. ಹಿತ್ತಿಲ ಮೂಲೆಯಲ್ಲಿ ಮಳೆನೀರು ತುಂಬಿದ ಕರಟಗಳ ರಾಶಿ. ಬೆಳಕು ಬಿಟ್ಟರೆ ಒಳಗೆ ಲಾರ್ವಾಗಳ ಜಾತ್ರೆ.

“ಇದು ನಿಮ್ಮದಾ ಅಣ್ಣಾ?”

“ಕರಟ ಭಾವನದು, ನೀರು ಮಳೆಯದು, ಜಾಗ ಮಾತ್ರ ನನ್ನದು.”

“ಹಾಗಾದ್ರೆ ಸೊಳ್ಳೆ ನಿಮ್ಮದೇ” ಎಂದು ಬರೆದುಕೊಂಡರು.

ಅಷ್ಟರಲ್ಲಿ ಬೇಲಿಯ ಮೇಲೆ ಭಾವನ ಮುಖ ಮೂಡಿತು. “ಓದಿದವ ನೀನು! ಡೆಂಗಿ ಸೊಳ್ಳೆಗೆ ಕೊಳಚೆ ಬೇಡ, ತಿಳಿನೀರೇ ಸಾಕು. ಮೊಟ್ಟೆಯಿಂದ ಸೊಳ್ಳೆಯಾಗಿ ಹಾರ್ಲಿಕ್ಕೆ ಒಂದು ವಾರ, ಹತ್ತು ದಿನ. ಕಚ್ಚೋದು ಹಗಲಲ್ಲಿ. ಕರಟ ಮಗುಚಿ ಹಾಕ್ಲಿಕ್ಕೆ ನಿನಗೆಂತ ಧಾಡಿ?” ಒಂದಕ್ಷರ ತಪ್ಪಿಲ್ಲ. ಆಶಾ ಕಾರ್ಯಕರ್ತೆ ಮೆಚ್ಚಿ ತಲೆಯಾಡಿಸಿದರು. ಉತ್ತರ ನನ್ನ ನಾಲಿಗೆ ತುದಿಗೆ ಬರುವಷ್ಟರಲ್ಲಿ ಭಾವನ ಮನೆಯ ಅಕ್ಕ ಬಿಸಿ ಹಲಸಿನ ಹಪ್ಪಳ ತಂದುಕೊಟ್ಟರು. ನನ್ನ ಹೋರಾಟಗಳೆಲ್ಲ ಹೀಗೇ ಮುಗಿಯುತ್ತವೆ.

ಮುಂದಿನ ವಾರ ಮಗನಿಗೆ ಜ್ವರ ಏರಿದಾಗ ಮಧ್ಯರಾತ್ರಿ ಜೀಪು ತಂದು ನಿಲ್ಲಿಸಿದವರೂ ಭಾವನೇ. ಬೆಳಗಿನವರೆಗೆ ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದರು. ಸೊಳ್ಳೆಯೂ ಅವರದು, ಜೀಪೂ ಅವರದು; ಇಂಥವರನ್ನು ಬೈಯುವುದು ಹೇಗೆ?

ಅವರ ಅಮ್ಮನೂ ಹೀಗೇ ಎಸೆಯುತ್ತಿದ್ದರಂತೆ: ಬಾಳೆಲೆ, ಅಡಿಕೆ ಹಾಳೆ, ಒಲೆಯ ಬೂದಿ. ಕರಟ ಮಾತ್ರ ಹೊರಗೆ ಹೋಗುತ್ತಿರಲಿಲ್ಲ. ಒಂದೋ ಸೌಟಾಗುತ್ತಿತ್ತು, ಇಲ್ಲ ಕೆಂಡವಾಗುತ್ತಿತ್ತು. ಎಸೆದದ್ದು ಮುಂದಿನ ಮಳೆಗಾಲದೊಳಗೆ ಗೊಬ್ಬರವಾಗಿ ತೋಟಕ್ಕೆ ಮರಳುತ್ತಿತ್ತು. ಆ ಕಾಲದಲ್ಲಿ ಬೇಲಿಯಾಚೆ ಎಸೆಯುವುದು ಕೃಷಿ, ಈಗ ಅದೇ ರೋಗ. ಕೈ ಅದೇ, ಬೀಸೂ ಅದೇ. ಕೊಳೆಯದ ಸಾಮಾನನ್ನು ಪೇಟೆ ನಮ್ಮ ಕೈಗಿತ್ತಿತು. ಅದನ್ನೇನು ಮಾಡಬೇಕೆಂದು ಹೇಳಲು ಗಾಡಿ ಬರುವ ಹೊತ್ತಿಗೆ ಭಾವನಿಗೆ ಅರವತ್ತು ದಾಟಿತ್ತು.

ಹೀಗೆಲ್ಲ ಯೋಚಿಸಿ ಮನಸ್ಸು ಕರಗಿ, ಬೇಲಿ ದಾಟಿ ಬಂದದ್ದನ್ನೆಲ್ಲ ನಾನೇ ಬೇರ್ಪಡಿಸಿ ಗಾಡಿಗೆ ಕೊಡತೊಡಗಿದೆ. ಮೊನ್ನೆ ಗ್ರಾಮಸಭೆಯಲ್ಲಿ ಭಾವ ಎದ್ದುನಿಂತು ಹೇಳಿದರು: “ನಮ್ಮನೇಲಿ ಕಸವೇ ಆಗೋದಿಲ್ಲ, ನಮಗ್ಯಾಕೆ ಶುಲ್ಕ? ಪಕ್ಕದ ಮನೆಯವನ ಹತ್ರ ಎರಡರಷ್ಟು ತಗೊಳ್ಳಿ. ವಾರಕ್ಕೆ ಎರಡು ಚೀಲ ತುಂಬಿಸ್ತಾನೆ!”