ಚಿಪ್ಸ್ ಅಂಗಡಿಯ ಮಾಲೀಕರಿಗೊಂದು ಬಹಿರಂಗ ಪತ್ರ

ಮಾನ್ಯರೆ,

ನಿಮ್ಮ ಗಲ್ಲಾದ ಹಿಂದೆ ಕಟ್ಟು ಹಾಕಿಸಿ ತೂಗುಬಿಟ್ಟಿರುವ ಎಣ್ಣೆ ಪರೀಕ್ಷೆಯ ವರದಿಯನ್ನು ಪೂರ್ತಿ ಓದಿದೆ. ಮಾದರಿ ತೆಗೆದದ್ದು ಬಾಣಲೆಯಿಂದಲೇ ಎಂದಿದೆ. ಅಷ್ಟು ಪ್ರಾಮಾಣಿಕತೆ ಎಲ್ಲರಿಗೂ ಇರುವುದಿಲ್ಲ. ಪೆರಾಕ್ಸೈಡ್ ಮೌಲ್ಯ 4. ಸಂಸ್ಕರಿಸಿದ ಎಣ್ಣೆಗೆ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡ ಇಟ್ಟಿರುವ ಮಿತಿ ಕೆ.ಜಿ.ಗೆ 10 ಮಿಲಿ ಈಕ್ವಿವಲೆಂಟ್. ಅಂದರೆ ನೀವು ಪಾಸು. ಆದರೂ ಬಾಣಲೆಯಿಂದ ಕಮಟು ವಾಸನೆ ಬರುತ್ತಿತ್ತು.

ಆ 4 ಹೇಗೆ ಬಂತು ಗೊತ್ತೆ? ಎಣ್ಣೆಯನ್ನು ದ್ರಾವಕದಲ್ಲಿ ಕರಗಿಸಿ ಪೊಟ್ಯಾಸಿಯಂ ಅಯೋಡೈಡ್ ಬೆರೆಸುತ್ತಾರೆ. ಪೆರಾಕ್ಸೈಡ್ ಇದ್ದಷ್ಟೂ ಅಯೋಡಿನ್ ಬಿಡುಗಡೆಯಾಗಿ ಬಣ್ಣ ಹಳದಿಗೆ ತಿರುಗುತ್ತದೆ. ಬ್ಯೂರೆಟ್ಟಿನಿಂದ ಥಯೋಸಲ್ಫೇಟ್ ಬಿಡುತ್ತ, ಹಳದಿ ತೆಳುವಾದಾಗ ಪಿಷ್ಟದ ದ್ರಾವಣ ಹಾಕಿದರೆ ಕಡುನೀಲಿ. ಮತ್ತೆ ಜೋರಾಗಿ ಕುಲುಕುತ್ತ ಹನಿಹನಿಯಾಗಿ ಬಿಡಬೇಕು. ಯಾವುದೋ ಒಂದು ಹನಿಗೆ ನೀಲಿ ಹೊರಟುಹೋಗುತ್ತದೆ. ಅಲ್ಲಿಯವರೆಗೆ ಖರ್ಚಾದ ಥಯೋಸಲ್ಫೇಟಿನ ಲೆಕ್ಕವೇ ನಿಮ್ಮ 4.

ಲೆಕ್ಕ ಸರಿಯಾಗಿಯೇ ಇದೆ. ಆದರೆ ಪೆರಾಕ್ಸೈಡ್ ಎಂಬುದು ಎಣ್ಣೆ ಕೆಡುವುದರ ಮೊದಲ ಹಂತ ಮಾತ್ರ. ಕರಿಯುವ ಕಾವಿಗೆ ಅದು ನಿಲ್ಲುವುದಿಲ್ಲ, ಒಡೆದು ಆಲ್ಡಿಹೈಡುಗಳಾಗುತ್ತದೆ. ನಮ್ಮ ಮೂಗಿಗೆ ಬಡಿಯುವ ಕಮಟು ಬಹುಪಾಲು ಅವುಗಳದೇ. ಹಾಗಾಗಿ ಮತ್ತೆ ಮತ್ತೆ ಕಾಯಿಸಿದ ಎಣ್ಣೆಯೂ ಈ ಒಂದು ಪರೀಕ್ಷೆಯಲ್ಲಿ ಹೊಸ ಡಬ್ಬಿಯ ಎಣ್ಣೆಯಂತೆ ಗೆದ್ದುಬಿಡಬಹುದು.

ಆಲ್ಡಿಹೈಡುಗಳನ್ನು ಹಿಡಿಯಲು ಅನಿಸಿಡಿನ್ ಮೌಲ್ಯ ಅಂತ ಬೇರೆಯೇ ಪರೀಕ್ಷೆಯಿದೆ. ಪೆರಾಕ್ಸೈಡ್ ಮೌಲ್ಯವನ್ನು ಇಮ್ಮಡಿಸಿ ಅದಕ್ಕೆ ಇದನ್ನು ಕೂಡಿಸಿದರೆ ಬರುವುದು ಟೋಟಾಕ್ಸ್. ನಿಮ್ಮ 4ರ ಜತೆಗೆ ಅನಿಸಿಡಿನ್ 30 ಇದ್ದರೆ ಒಟ್ಟು 38! ಮೀನೆಣ್ಣೆಗೆ ಕೋಡೆಕ್ಸ್ 2017ರಲ್ಲಿ ತಂದ ಮಾನದಂಡ ಎರಡನ್ನೂ ಕೇಳುತ್ತದೆ, ಟೋಟಾಕ್ಸ್ 26 ದಾಟಬಾರದೆನ್ನುತ್ತದೆ. ಚಮಚದಲ್ಲಿ ಕುಡಿಯುವ ಎಣ್ಣೆಗೆ ಅಷ್ಟು ಕಾವಲು. ಚಿಪ್ಸಿನ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಎಣ್ಣೆಯೇ, ಚಿಪ್ಸ್ ತಿನ್ನುವವರಲ್ಲಿ ಮಕ್ಕಳೂ ಇದ್ದಾರೆ. ನಮಗೆ ಒಂದೇ ಅಂಕಿ ಸಾಕೆ?

ಕರಿಯುವ ಎಣ್ಣೆಗೆ ನಮ್ಮಲ್ಲೇ ಕಾನೂನಿದೆ. 2018ರ ಜುಲೈ 1ರಿಂದ, ಎಣ್ಣೆ ಕಾದು ಕೆಟ್ಟಂತೆ ಹೆಚ್ಚುವ ಒಟ್ಟು ಪೋಲಾರ್ ಸಂಯುಕ್ತಗಳು ಶೇ. 25 ದಾಟಿದ ಎಣ್ಣೆಯಲ್ಲಿ ಕರಿಯುವಂತಿಲ್ಲ. ಅವನ್ನು ಅಳೆಯಲು ಬಿಸಿ ಎಣ್ಣೆಗೇ ಅದ್ದಿ ನೋಡುವ ಕೈಮೀಟರುಗಳಿವೆ. ನಿಮ್ಮ ವರದಿಯಲ್ಲಿ ಆ ಸಾಲೇ ಇಲ್ಲ.

ಮುಂದಿನ ಸಲ ಮಾದರಿ ಕಳಿಸುವಾಗ ಅನಿಸಿಡಿನ್ ಮೌಲ್ಯವನ್ನೂ ಪೋಲಾರ್ ಸಂಯುಕ್ತಗಳ ಪ್ರಮಾಣವನ್ನೂ ಕೇಳಿ ಬರೆಸಿ. ಮಿತಿ ದಾಟಿದ ಎಣ್ಣೆಯನ್ನು ಅಗ್ಗಕ್ಕೆ ಕೈಗಾಡಿಯವರಿಗೆ ಮಾರಬೇಡಿ, ಬಯೋಡೀಸೆಲ್‌ಗೆ ಒಯ್ಯುವ ಅಧಿಕೃತ ಸಂಗ್ರಾಹಕರಿಗೆ ಕೊಡಿ.

ಇತಿ,
ನಿಮ್ಮ ಗಿರಾಕಿ