ತೀರ್ಪುಗಾರರ ತೀರ್ಮಾನವೇ ಅಂತಿಮ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಉದಯೋನ್ಮುಖ ಕಥೆಗಾರರೇ, ಸ್ಮಾರಕ ಕಥಾಸ್ಪರ್ಧೆಯ ಕರಪತ್ರ ಹೇಗಿರುತ್ತದೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಮೇಲ್ಗಡೆ ದಿವಂಗತರ ಭಾವಚಿತ್ರ. ಅವರು ಕಥೆ ಬರೆದವರಲ್ಲ, ಓದಿದವರೂ ಅಲ್ಲ. ನಾಲ್ಕೂರಿಗೆ ಬೇಕಾದವರು, ಒಂದು ಕಲ್ಲು ಕ್ವಾರಿ, ಒಂದು ಕಲ್ಯಾಣ ಮಂಟಪ ಬಿಟ್ಟುಹೋದವರು. ಅವರ ಹೆಸರಲ್ಲಿ ಕಣ್ಣಿನ ತಪಾಸಣಾ ಶಿಬಿರ ಮಾಡಿಸಿದರೆ ಡಾಕ್ಟರನ್ನು ಕರೆಸಬೇಕು, ಕನ್ನಡಕ ಕೊಡಿಸಬೇಕು. ಕಬಡ್ಡಿ ಆಡಿಸಿದರೆ ಎಂಟು ತಂಡಕ್ಕೆ ಊಟ ಹಾಕಬೇಕು. ಕಥೆಗಾರರಾದರೆ ತಮ್ಮ ಬಸ್ ಚಾರ್ಜು ತಾವೇ ಕೊಟ್ಟುಕೊಂಡು ಬರುತ್ತಾರೆ, ಕೊಟ್ಟ ತಟ್ಟೆ ಇಡ್ಲಿ ತಿಂದು ಹೋಗುತ್ತಾರೆ. ಇಷ್ಟು ಅಗ್ಗದ ಅಮರತ್ವ ಬೇರೆಲ್ಲಿ ಸಿಕ್ಕೀತು?

ಕರಪತ್ರದ ಕೆಳಗಡೆ ನಿಯಮಗಳು. ಕಥೆ ಸ್ವಂತದ್ದಾಗಿರಬೇಕು. ಎಲ್ಲೂ ಪ್ರಕಟವಾಗಿರಬಾರದು, ಫೇಸ್‌ಬುಕ್ಕು, ವಾಟ್ಸ್‌ಆಪಿನಲ್ಲೂ ಸಹ. ಡಿಟಿಪಿ ಮಾಡಿಸಿ ಮೂರು ಪ್ರತಿ ಕಳಿಸಬೇಕು. ಹಸ್ತಪ್ರತಿ ಹಿಂತಿರುಗಿಸುವುದಿಲ್ಲ. ಬಹುಮಾನಿತ ಕಥೆಯ ಹಕ್ಕು ಟ್ರಸ್ಟಿನದು. ಪತ್ರ ವ್ಯವಹಾರಕ್ಕೆ ಆಸ್ಪದವಿಲ್ಲ. ತೀರ್ಪುಗಾರರ ತೀರ್ಮಾನವೇ ಅಂತಿಮ. ಹಸು ಸಾಲ ಕೊಡುವ ಸೊಸೈಟಿಯವರೂ ಇಷ್ಟು ಬರೆಸಿಕೊಳ್ಳುವುದಿಲ್ಲ.

ಅರ್ಹತೆಯ ವಿಚಾರದಲ್ಲಿ ಮಾತ್ರ ಸಂಘಟಕರ ಮೇಲೆ ನನಗೂ ಕನಿಕರವಿದೆ. 'ಜಿಲ್ಲೆಯವರಿಗೆ ಮಾತ್ರ' ಎಂದು ಬರೆಯಬೇಕು ಸರಿ, ಯಾವ ಜಿಲ್ಲೆ? 1986ರವರೆಗೆ ಬೆಂಗಳೂರು ಜಿಲ್ಲೆ, ಆಮೇಲೆ ಬೆಂಗಳೂರು ಗ್ರಾಮಾಂತರ, 2007ರಿಂದ ರಾಮನಗರ, 2025ರಲ್ಲಿ ಬೆಂಗಳೂರು ದಕ್ಷಿಣ. ಕನಕಪುರದ ಜಗಲಿ ಬಿಟ್ಟು ಏಳದ ಹಿರಿಯರೊಬ್ಬರು ಕುಂತಲ್ಲೇ ನಾಲ್ಕು ಜಿಲ್ಲೆ ಸುತ್ತಿದ್ದಾರೆ. ಅವರ ಮೊಮ್ಮಗ ವಿಳಾಸದಲ್ಲಿ 'ಬೆಂಗಳೂರು' ಎಂದು ಬರೆದರೆ ನಗರದವನೆಂದು ಕಥೆ ಪಕ್ಕಕ್ಕಿಡುತ್ತಾರೆ; ಬರೆಯದಿದ್ದರೆ ಸರ್ಕಾರದ ಆದೇಶ ಓದದವನೆಂದು.

ಇನ್ನೊಂದು ನಿಯಮ ಇದೆಯಲ್ಲ, 'ಯಾವುದೇ ಜಾತಿ, ಧರ್ಮ, ಪಕ್ಷ, ವ್ಯಕ್ತಿಯ ಭಾವನೆಗೆ ಧಕ್ಕೆ ತರಬಾರದು' ಎಂಬುದು. ಈ ನೆಲ ಕನ್ನಡಕ್ಕೆ ಕೊಟ್ಟ ದೊಡ್ಡ ಕಥೆಗಾರ ಮೊಗಳ್ಳಿ ಗಣೇಶ್, ಚನ್ನಪಟ್ಟಣ ತಾಲ್ಲೂಕಿನ ಸಂತೆಮೊಗೇನಹಳ್ಳಿಯವರು. 'ಬುಗುರಿ' ಬರೆದವರು. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯಲ್ಲಿ ಬಹುಮಾನ ಪಡೆದವರು. ದಲಿತ ಕೇರಿಯ ಹಸಿವು, ಅವಮಾನ, ರೊಚ್ಚು ಯಾವುದನ್ನೂ ತೊಳೆದು ಇಸ್ತ್ರಿ ಮಾಡದೆ ಹಾಗೆಹಾಗೇ ಇಟ್ಟವರು. 2025ರ ಅಕ್ಟೋಬರಿನಲ್ಲಿ ತೀರಿಕೊಂಡರು. ನಾಳೆ ಅವರ ಹೆಸರಲ್ಲೇ ಒಂದು ಸ್ಮಾರಕ ಸ್ಪರ್ಧೆ ಏರ್ಪಟ್ಟು, ಅವರದೇ ಕಥೆಯನ್ನು ಬೇರೆ ಹೆಸರಲ್ಲಿ ಕಳಿಸಿದರೆ ಈ ಒಂದು ನಿಯಮದಡಿ ಮೊದಲ ಸುತ್ತಿನಲ್ಲೇ ಹೊರಗೆ ಬೀಳುತ್ತದೆ. ಗೆಲ್ಲುವ ಕಥೆಯ ನಮೂನೆ ಬೇರೆ. ಅದರಲ್ಲಿ ಒಬ್ಬಳು ಅಜ್ಜಿ, ಒಂದು ಪಾಳುಬಾವಿ, ಅಮೆರಿಕದಿಂದ ಬಾರದ ಮಗ. ಕೊನೇ ಪ್ಯಾರಾದಲ್ಲಿ ಅಜ್ಜಿ ಸಾಯಬೇಕು. ಯಾರ ಭಾವನೆಗೂ ಧಕ್ಕೆಯಿಲ್ಲ, ಅಜ್ಜಿಯದೊಂದು ಬಿಟ್ಟು.

ಇನ್ನು ಸಮಾರಂಭ. ಕೆಂಗಲ್ ಹನುಮಂತಯ್ಯ, ರಾಮಕೃಷ್ಣ ಹೆಗಡೆ, ದೇವೇಗೌಡ, ಕುಮಾರಸ್ವಾಮಿ ಎಂದು ನಾಲ್ವರು ಮುಖ್ಯಮಂತ್ರಿಗಳನ್ನು ಗೆಲ್ಲಿಸಿ ಕಳಿಸಿದ ಸೀಮೆಯಿದು. ಇಲ್ಲಿ ವೇದಿಕೆ ಖಾಲಿ ಬಿದ್ದ ಚರಿತ್ರೆಯೇ ಇಲ್ಲ. ಆಹ್ವಾನ ಪತ್ರಿಕೆಯಲ್ಲಿ ದಿವ್ಯ ಸಾನ್ನಿಧ್ಯ, ಘನ ಉಪಸ್ಥಿತಿ, ಉದ್ಘಾಟನೆ, ಅಧ್ಯಕ್ಷತೆ, ಆಶಯ ನುಡಿ, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು ಎಲ್ಲ ಇಳಿದ ಮೇಲೆ ತಳದಲ್ಲಿ ಒಂದು ಸಾಲು: 'ಹಾಗೂ ವಿಜೇತರು'. ಹತ್ತಕ್ಕೆ ಅಂದ ಸಭೆ ಒಂದಕ್ಕೆ ಶುರು. ದಿವಂಗತರ ಗುಣಗಾನ, ಅವರ ಮಕ್ಕಳ ಗುಣಗಾನ, ಮುಂದಿನ ಜಿಲ್ಲಾ ಪಂಚಾಯಿತಿ ಚುನಾವಣೆಗೆ ನಿಲ್ಲಲಿರುವ ಮೊಮ್ಮಗನ ಗುಣಗಾನ. ಊಟಕ್ಕೆ ಹೊತ್ತಾಯಿತೆಂದು ಬಹುಮಾನ ವಿತರಣೆ ಐದು ನಿಮಿಷದಲ್ಲಿ ಮುಗಿಯುತ್ತದೆ. ಮೈಸೂರು ಪೇಟ, ಶಾಲು, ಹಾರ, ಬುಟ್ಟಿಯಲ್ಲಿ ಹಣ್ಣು, ಚನ್ನಪಟ್ಟಣದ ಬೊಂಬೆ. ಫೋಟೋದವನು 'ಸರ್, ಇತ್ಲಾಗ್ ನೋಡಿ' ಅನ್ನುತ್ತಾನೆ. ಶಾಸಕರು ನೋಡುತ್ತಾರೆ, ಪೇಟ ಕಣ್ಣಿಗಿಳಿದ ಕಥೆಗಾರ ನೋಡಲಾರ. ಪೇಟ ಆಮೇಲೆ ವಾಪಸು, ಅದು ಬಾಡಿಗೆಯದು. ಇಷ್ಟರಲ್ಲಿ ಕಥೆಯ ಒಂದು ಸಾಲನ್ನಾದರೂ ಯಾರಾದರೂ ಓದಿದರೇ ಎಂದು ಕೇಳಬೇಡಿ. ಶೀರ್ಷಿಕೆಯನ್ನೇ ನಿರೂಪಕಿ ತಪ್ಪಾಗಿ ಓದಿರುತ್ತಾರೆ.

ಅಲ್ಲಿಂದ ಎದ್ದು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿ ನೋಡಿ. ರೈತ ತಂದ ಗೂಡು ಸುರಿಯುತ್ತಾನೆ, ಲಾಟಿಗೊಂದು ನಂಬರು ಬೀಳುತ್ತದೆ. ರೀಲರುಗಳು ಬಂದು ಒಳಗೆ ಕೈಹಾಕಿ, ಅಡಿಯ ಗೂಡು ಮೇಲಕ್ಕೆತ್ತಿ, ಒತ್ತಿ ನೋಡುತ್ತಾರೆ. ಕಲೆ ಬಿದ್ದಿದ್ದರೆ, ತೆಳುವಾಗಿದ್ದರೆ ಮುಖದ ಮೇಲೇ ಹೇಳುತ್ತಾರೆ. ಈಗಂತೂ ಇ-ಹರಾಜು, ಎಷ್ಟಕ್ಕೆ ನಿಂತಿತೆಂದು ಅವತ್ತೇ ತಿಳಿಯುತ್ತದೆ. ಬೆಲೆ ಒಪ್ಪಿಗೆಯಾಗದಿದ್ದರೆ 'ಬೇಡ' ಎನ್ನುವ ಹಕ್ಕೂ ರೈತನಿಗಿದೆ. ಹುಳಕ್ಕೆ ಸೊಪ್ಪು ಹಾಕಿ ತಿಂಗಳೊಪ್ಪತ್ತಿನಲ್ಲಿ ಗೂಡು ತಂದವನಿಗೆ ಇಷ್ಟು ಮರ್ಯಾದೆ. ವರ್ಷವಿಡೀ ಒಂದು ಕಥೆ ತಿದ್ದಿದವನಿಗೆ ತನ್ನದು ಯಾಕೆ ಬಿತ್ತು ಎಂದು ಕೇಳುವಂತಿಲ್ಲ. ಗೆದ್ದವನ ಪಾಡೂ ಅಷ್ಟೇ. ಅಪ್ರಕಟಿತ ಕಥೆಗೆ ಬಹುಮಾನ ಬಂತು, ಹಕ್ಕು ಟ್ರಸ್ಟಿಗೆ ಹೋಯಿತು, ಕಥೆ ಬೀರುವಿಗೆ ಹೋಯಿತು. ಬಹುಮಾನ ಬಂದ ಮೇಲೂ ಅದು ಅಪ್ರಕಟಿತವೇ.

ಹೀಗಲ್ಲದೆ ಇನ್ನೆಂಗೆ ಎನ್ನುವವರಿಗೆ ಉದಾಹರಣೆಗಳು ಕೈಗೆಟಕುವಷ್ಟು ಹತ್ತಿರದಲ್ಲಿವೆ. ವಸುಧೇಂದ್ರ ಅವರ ಛಂದ ಪುಸ್ತಕ, ಇನ್ನೂ ಒಂದು ಕಥಾಸಂಕಲನವನ್ನೂ ತರದವರ ಹಸ್ತಪ್ರತಿಗಳನ್ನು ತರಿಸಿಕೊಂಡು, ಆಯ್ಕೆಯಾದದ್ದನ್ನು ಬಹುಮಾನದ ಜೊತೆಗೆ ಪುಸ್ತಕವಾಗಿಯೇ ಹೊರತರುತ್ತದೆ. ಎಳೆಯ ವಯಸ್ಸಿನಲ್ಲೇ ತೀರಿಕೊಂಡ ಟೊಟೊ ಎಂಬ ಯುವಕನ ನೆನಪಿನ ಪುರಸ್ಕಾರ ಮೂವತ್ತರೊಳಗಿನ ಕನ್ನಡ ಬರಹಗಾರರಿಗೂ ಸಲ್ಲುತ್ತದೆ. ಸರ್ಕಾರದ್ದೇ ಆದ ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ದೀಪಾವಳಿ ಸಂಚಿಕೆಯಂತೂ ಗೆದ್ದ ಕಥೆಯನ್ನು ಅಚ್ಚು ಮಾಡಿ ನಾಡಿನ ಕೈಗಿಡುತ್ತದೆ. ಓದುಗ ಬೈದರೂ ಕಥೆಗಾರನಿಗೆ ಅದೊಂದು ಗಳಿಕೆಯೇ.

ಟ್ರಸ್ಟಿನ ಯಜಮಾನರಲ್ಲಿ ಒಂದು ಅರಿಕೆ. ಈ ಸಲ ಫ್ಲೆಕ್ಸು ಅರ್ಧ ಮಾಡಿ, ಪೇಟದ ಬಾಡಿಗೆ ಉಳಿಸಿ. ಆ ದುಡ್ಡಿನಲ್ಲಿ ಮೆಚ್ಚುಗೆ ಪಡೆದ ಹತ್ತು ಕಥೆಗಳನ್ನು ಸಣ್ಣ ಪುಸ್ತಕ ಮಾಡಿಸಿ ಜಿಲ್ಲೆಯ ಎಲ್ಲ ತಾಲ್ಲೂಕಿನ ಗ್ರಂಥಾಲಯಗಳಿಗೆ, ಪ್ರೌಢಶಾಲೆಗಳಿಗೆ ಹಂಚಿ. ಮುಖಪುಟದ ಮೇಲೆ ನಿಮ್ಮ ತಂದೆಯವರ ಫೋಟೋ ಎಷ್ಟು ದೊಡ್ಡದಾಗಿ ಬೇಕೋ ಹಾಕಿಕೊಳ್ಳಿ, ನಮ್ಮ ತಕರಾರಿಲ್ಲ.